ಚಿಲ್ಲರಿ ಬಾಕಿ

ನಸುಕಿನ ನಾಕೂಕಾಲು.
ನವನಗರದ ನಾಯಿಗಳೂ ಬೊಗಳಿ ದಣದು ಮಲಗ್ಯಾವ.
ಬೆರಳ ತುದಿಗೆ ಬಿಳೀ ಗುಳಿಗಿ,
ಜ್ವಾಳದ ಕಾಳಿನಷ್ಟ.
ಒಂದು ವಾಟಗಾ ನೀರು. ಇನ್ನ ಒಂದು ತಾಸು ಚಾ ಇಲ್ಲ.
ಖಾಕಿ ಗುಂಡಿ ಹಾಕ್ಕೋತ ಚಾಪುಡಿ ಡಬ್ಬಿ ನೋಡ್ತೀನಿ,
ಡಬ್ಬಿ ನನ್ನ ನೋಡ್ತದ.

ಡಿಪೋದಾಗ ದಾವಲಸಾಬರು ಗಾಡಿ ಗಾಜು ಒರಸಿಕೋತ ಕೇಳ್ತಾರ,
‘ಬಾಯಾರ, ಇವತ್ತ ಎಷ್ಟರ ಮ್ಯಾಲೆ ಓಡಾಕತ್ತೀರಿ?’
ಅವರಿಗೂ ಲೆಕ್ಕ ಬಾಯಿಪಾಠ ಆಗೇದ:
ಬಸವಜಯಂತಿ ಮಟಾ ಐವತ್ತು,
ಕಾರಹುಣ್ಣಿವಿ ಮಟಾ ನೂರು,
ಈಗ ನಡುವ ಎಲ್ಲೋ.

ಐವತ್ತರಾಗಿದ್ದಾಗ
ಬಾಗಲಕೋಟಿ ಬಿಸಲಾಗ ಸ್ವೆಟರ್ ಹಾಕ್ಕೊಂಡು ಟಿಕೀಟ ಹರದೀನಿ.
ಕಲಾದಗಿಯೊಳಗ ದಾಳಿಂಬರ ಬುಟ್ಟಿ ಏರಿಸಿದ ಮುದುಕಿ
‘ಹಸೀ ಬಾಣಂತಿ ಏನವಾ?’ ಅಂದ್ಲು.
ಬಸ್ ತುಂಬ ನಗು.
ನಾನೂ ನಕ್ಕೆ. ನನ್ನ ನಗು ಎರಡು ಸ್ಟಾಪ್ ದಾಟಿ ಬಂತು.
ಎಲ್ಲಾ ಹಂಗ, ತಡಾ:
ಲೋಕಾಪುರ ಅಂದಿದ್ದು ಕಿವಿಗೆ ಬಿದ್ದು ಕೈಗೆ ಇಳಿಯೂದ್ರಾಗ
ಮುಧೋಳದ ಟಿಕೀಟ ಬಂದಿರ್ತಿತ್ತು.
ಕೂದಲಾ ತಗೊಂಡು ಬೋಗಾಣಿ ಕೊಡಾಕಿ
ನನ್ನ ಗಂಟು ಕೈಯಾಗ ಹಿಡದು ತೂಗಿ
‘ಅಕ್ಕಾ, ಬರೂ ತಿಂಗಳಕ್ಕ ನಿನಗ ಕೊಡಾನ ಕೊಡತೀನಿ ನೋಡು’ ಅಂದಿದ್ಲು.

ಆಮ್ಯಾಲೆ ನೂರು.
ಮೊದಲ ವಾರ ಏನಿಲ್ಲ. ಎರಡನೇ ವಾರ ಏನಿಲ್ಲ.
ಮೂರನೇದ್ದಕ್ಕ ಎದಿಯೊಳಗ ಯಾರೋ ಗಂಟಿ ಹಗ್ಗ ಜಗ್ಗಿದ್ರು.
ಒಂದು ಗಂಟಿಗೆ ನಿಲ್ಲು, ಎರಡಕ್ಕ ಹೋಗು,
ಇಪ್ಪತ್ತು ವರ್ಷ ಇದೊಂದ ಭಾಷಾ ನಾ ಕಲಿತಿದ್ದು.
ಇದು ನಾಕು, ಒಂಬತ್ತು, ಮತ್ತ ಮೂರು.
ನಿಲ್ಲಲೋ? ಹೋಗಲೋ?
ರಾತ್ರಿ ಎರಡಕ್ಕ ಎದ್ದು ಹಿತ್ತಾಳಿ ಭಾಂಡೆ ತಿಕ್ಕಿದೆ,
ಮಗಳು ಬಾಗಲದಾಗ ನಿಂತು ಅಂಜಿ ನೋಡಿದ್ಲು.
ಪಾಸ್ ಮರತ ಹುಡುಗಗ ಒದರಿದೆ,
ಅವ ಕಣ್ಣಾಗ ನೀರು ತಂದ್ರೂ ಬಿಡಲಿಲ್ಲ.
ಅದೇ ದಿನ ಚಿಲ್ಲರಿ ಕೊಡೂಮುಂದ ಕೈ ನಡುಗಿ
ರೊಕ್ಕೆಲ್ಲಾ ಸೀಟಿನ ಬುಡಕ ಉಳ್ಳ್ಯಾಡಿ ಹೋದ್ವು.
ಮಂದಿ ಬಗ್ಗಿ ಆರಿಸಿ ಕೊಟ್ರು. ಆ ಹುಡುಗನೂ.

ಶೂನ್ಯ ಟಿಕೀಟಿನ ಒಬ್ಬಾಕಿ, ಇಳಕಲ್ ಸೀರಿ ಸೆರಗು ಹಲ್ಲಾಗ ಕಚ್ಚಿ,
ನನ್ನ ಮಣಿಕಟ್ಟು ಹಿಡದ್ಲು. ಬಿಡಲಿಲ್ಲ.
‘ಥೈರಾಯ್ಡ್ ಏನು? ಎಷ್ಟು ಮಾಡ್ಯಾರ?’
ನೂರು ಅಂದೆ.
‘ಜಾಸ್ತಿ ಆಗೇದ, ಹೋಗಿ ತೋರಸು.
ನನ್ನದು ಹದಿನೆಂಟು ವರ್ಷದ ಸಂಸಾರ ಇದರ ಕೂಡ.
ಹೊಸಾ ಸೊಸಿ ಇದ್ದಂಗ ಇದು,
ಬಂದ ದಿನಾನ ಮನೀ ಲೆಕ್ಕ ಕೇಳಬಾರದು.’
ಇಳಿಯೂಮುಂದ ಹೆಸರು ಕೇಳೂದು ಮರತೆ.

ಡಾಕ್ಟರೂ ಅದನ್ನ ಅಂದ್ರು, ಸೊಸಿ ಸುದ್ದಿ ಬಿಟ್ಟು:
‘ಇಪ್ಪತ್ತೈದು ಇಳಸೋಣು. ಆರು ವಾರ ಬಿಟ್ಟು ರಗತ ನೋಡೋಣು.’
ಆರು ವಾರ!
ನಾ ದಿನಾ ಸಂಜಿಗೆ ಲೆಕ್ಕ ಒಪ್ಪಸಾಕಿ,
ಒಂದು ರೂಪಾಯಿ ಕಡಿಮಿ ಬಿದ್ರ ಕಿಸೆದಿಂದ ಕಟ್ಟಾಕಿ.
ಮೈಕ್ರೋಗ್ರಾಂ ಅಂದ್ರ ಎಷ್ಟವಾ ಅಂತ ಮಗಳನ್ನ ಕೇಳಿದೆ.
ಅಂಗೈಯಾಗ ಪುಡಿ ಉಪ್ಪು ಉದುರಿಸಿ
ಒಂದ ಒಂದು ಕಣ ಬೆರಳಿಗೆ ಹಚ್ಚಿ ತೋರಿಸಿದ್ಲು.
‘ಇದರಾಗ ಅರ್ಧಾ ಮಾಡು. ಅಷ್ಟೂ ಇಲ್ಲ.’
ಅಷ್ಟಕ್ಕ ಇಷ್ಟು ಕುಣಸಿತಾ ನನ್ನ?

ಈಗ ಎಪ್ಪತ್ತೈದು. ನಾಕು ವಾರ ಆತು.
ಸ್ವೆಟರ್ ಗಂಟಿನಾಗದ, ತೆಗದಿಲ್ಲ, ಕೊಟ್ಟೂ ಇಲ್ಲ.
ಎದಿ ಸುಮ್ಮನದ. ಸುಮ್ಮನದ ಅಂತ ನಂಬೂದು ಹೆಂಗ
ಅನ್ನೂದೊಂದು ಉಳದದ.
ಚಿಲ್ಲರಿ ಇಲ್ಲದಾಗ ಟಿಕೀಟಿನ ಹಿಂದ ಬರಕೊಡ್ತೀನಿ:
ಬಾಕಿ ಇಷ್ಟು, ಇಳಿಯೂಮುಂದ ಕೇಳ್ರಿ.
ಯಾರು ಬರದಾರೋ ನನ್ನ ಹಿಂದ, ನನಗ ಕಾಣೂದಿಲ್ಲ.

ಲೋಕಾಪುರ. ಆರೂವರಿ. ತಾಸು ಯಾವಾಗೋ ಮುಗದದ.
ಹೋಟೆಲ್ ಹುಡುಗ ಕಿಡಕಿಯಾಗ ಚಾ ಕೊಟ್ಟ.
ಕಪ್ಪಿನಾಗ ಕೆನಿ ಸಣ್ಣಗ ನಡಗಾಕತ್ತದ.
ಗಾಡಿ ನಡುಕೋ, ನನ್ನ ನಡುಕೋ.
‘ದಾವಲಸಾಬರ,’ ಅಂದೆ,
‘ಒಂದು ಗಳಿಗಿ ಇಂಜಿನ್ ಬಂದ್ ಮಾಡ್ರಿ.’